ಮುಯ್ಯಿ ಪುಸ್ತಕಕ್ಕೆ ಸಿಗದ ಪ್ರೀತಿ

ನಮ್ಮ ಕಡೆ ಮದುವೆ ಮನೆಯಲ್ಲಿ ಊಟದ ಹಾಲ್ ಬಾಗಿಲ ಪಕ್ಕ ಒಂದು ಟೇಬಲ್ ಹಾಕಿರುತ್ತಾರೆ. ಲೆಕ್ಕದಲ್ಲಿ ಗಟ್ಟಿಗರಾದ ಚಿಕ್ಕಪ್ಪನೋ ಸೋದರಮಾವನೋ ಉದ್ದನೆಯ ನೋಟ್‌ಬುಕ್ ಹಿಡಿದು ಅಲ್ಲಿ ಕೂತಿರುತ್ತಾರೆ. ಬಂದವರು ಕೈಗಿಟ್ಟ ದುಡ್ಡು ಎಣಿಸಿ ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಇದು ಮುಯ್ಯಿ. ನಾಳೆ ಅವರ ಮನೆಯಲ್ಲಿ ಮದುವೆ ಬಂದಾಗ ಪೆಟ್ಟಿಗೆಯಿಂದ ಆ ಪುಸ್ತಕ ಹೊರಗೆ ಬರುತ್ತದೆ. ಅವರು 501 ಹಾಕಿದ್ದರೆ ನಾವು ಅದಕ್ಕಿಂತ ಕಡಿಮೆ ಹಾಕುವ ಹಾಗಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಎಷ್ಟೋ ಬಡವರ ಮನೆಯ ಮದುವೆ ದಡ ಸೇರಿದ್ದೇ ಮುಯ್ಯಿಯಿಂದ. ಆದರೆ ಈ ಮಾತಿಗೆ ಕನ್ನಡದಲ್ಲಿ ಇನ್ನೊಂದು ಮುಖ ಇದೆ, ಅಲ್ವಾ? ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು ತೀರಿಸಿಕೊಂಡ ಅಂತ. ಯಾರು ಎಷ್ಟು ಕೊಟ್ಟರು ಅನ್ನುವುದನ್ನು ನೆನಪಿಡುವ ಪುಸ್ತಕವೇ ಯಾರು ಏನು ಕಿತ್ತುಕೊಂಡರು ಅನ್ನುವುದನ್ನೂ ನೆನಪಿಡುತ್ತದೆ.

ಚರ್ಚಿನಲ್ಲಿ ನಾವು ‘ಕೃಪೆ’ ಅನ್ನುವ ಮಾತನ್ನು ಪ್ರತಿ ಭಾನುವಾರ ಕೇಳುತ್ತೇವೆ. ಕೇಳಿ ಕೇಳಿ ಅದು ಸವೆದು ಹೋಗಿದೆ. ಕೃಪೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ಮುಯ್ಯಿ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಯಾವುದು ಆ ಪುಸ್ತಕದ ಒಳಗೆ ಹಿಡಿಸುವುದಿಲ್ಲವೋ ಅದು ಕೃಪೆ. ಮನೆಯವರನ್ನು ಪ್ರೀತಿಸು, ನೆರೆಯವರನ್ನು ಪ್ರೀತಿಸು ಅನ್ನುವ ಕ್ರೈಸ್ತ ಬೋಧನೆ ಅರ್ಥವಾಗಬೇಕಾದರೆ ಮೊದಲು ಇದು ಅರ್ಥವಾಗಬೇಕು. ಇಲ್ಲದಿದ್ದರೆ ಆ ಬೋಧನೆ ಸುಮ್ನೆ ‘ಒಳ್ಳೆಯವರಾಗಿ ಇರಿ’ ಅನ್ನುವ ಬುದ್ಧಿಮಾತಾಗಿ ಉಳಿಯುತ್ತದೆ.

ಹುಟ್ಟಿನಿಂದ ಚರ್ಚಿಗೆ ಹೋಗುವವರ ತಲೆಯಲ್ಲೂ ಒಂದು ತಪ್ಪು ಲೆಕ್ಕ ಗಟ್ಟಿಯಾಗಿ ಕೂತಿರುತ್ತದೆ. ನಾನು ಎಲ್ಲರನ್ನೂ ಪ್ರೀತಿಸಿದರೆ ದೇವರು ನನ್ನನ್ನು ಮೆಚ್ಚುತ್ತಾನೆ, ಆಮೇಲೆ ನನಗೆ ಒಳ್ಳೆಯದಾಗುತ್ತದೆ ಅಂತ. ಅಂದರೆ ಪ್ರೀತಿ ನಾವು ಮಾಡುವ ಕೂಲಿ, ದೇವರು ಸಂಬಳ ಕೊಡುವ ಯಜಮಾನ. ಬೈಬಲ್ ಹೇಳುವುದು ಇದರ ತಲೆಕೆಳಗು. ಯೋಹಾನನ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಒಂದೇ ಸಾಲಿನ ಮಾತಿದೆ: ಆತನು ನಮ್ಮನ್ನು ಮೊದಲು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ. ಇಲ್ಲಿ ‘ಮೊದಲು’ ಅನ್ನುವ ಪದ ಇಡೀ ಬೋಧನೆಯನ್ನು ಹೊತ್ತುಕೊಂಡಿದೆ. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲೂ ಕ್ರಮ ಇದೇ. ಹತ್ತು ಆಜ್ಞೆಗಳು ‘ಕೊಲ್ಲಬೇಡ, ಕದಿಯಬೇಡ’ ಎಂದು ಶುರುವಾಗುವುದಿಲ್ಲ. ‘ಗುಲಾಮರಾಗಿದ್ದ ನಿಮ್ಮನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿ ತಂದ ದೇವರು ನಾನೇ’ ಎಂದು ಶುರುವಾಗುತ್ತವೆ. ಮೊದಲು ಬಿಡುಗಡೆ, ಆಮೇಲೆ ಆಜ್ಞೆ.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬರೆದಿದ್ದು ಗ್ರೀಕ್ ಭಾಷೆಯಲ್ಲಿ. ಕೃಪೆಗೆ ಅಲ್ಲಿರುವ ಪದ ‘ಖಾರಿಸ್’. ಆ ಕಾಲದ ಜನರಿಗೆ ಅದು ದೇವಸ್ಥಾನದ ಪದವಲ್ಲ, ಕೊಡು-ಕೊಳ್ಳುವ ಪದ. ಉಡುಗೊರೆಯೂ ಖಾರಿಸ್, ಉಡುಗೊರೆಯ ಋಣಕ್ಕೆ ತೋರಿಸುವ ಕೃತಜ್ಞತೆಯೂ ಖಾರಿಸ್. ಹೆಚ್ಚುಕಡಿಮೆ ನಮ್ಮ ಮುಯ್ಯಿಯೇ. ಹೊಸ ಒಡಂಬಡಿಕೆಯ ಹಲವು ಪತ್ರಗಳನ್ನು ಬರೆದ ಪೌಲನ ಸಮಕಾಲೀನನಾದ ರೋಮಿನ ತತ್ವಜ್ಞಾನಿ ಸೆನೆಕಾ, ಉಪಕಾರ ಮಾಡುವಾಗ ಪಡೆಯುವವನು ಯೋಗ್ಯನೋ ಅಲ್ಲವೋ ನೋಡಿ ಮಾಡಬೇಕು ಅಂತ ವಿವರವಾಗಿ ಬರೆದಿದ್ದಾನೆ. ಅದು ಆಗಿನ ವಿವೇಕದ ಮಾತು. ಪೌಲನು ಅದೇ ಪದವನ್ನು ಎತ್ತಿಕೊಂಡು ಬೇರೆಯದೇ ಹೇಳಿದ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟ ಎಂದು ರೋಮಾಪುರದವರಿಗೆ ಬರೆದ. ಯೋಗ್ಯತೆ ನೋಡದೆ ಕೊಟ್ಟ ಉಡುಗೊರೆ ಅದು. ಕೇಳಿದವರಿಗೆ ಇದು ಎಷ್ಟು ವಿಚಿತ್ರ ಅನ್ನಿಸಿರಬೇಕು ನೋಡಿ.

ಯೇಸು ಊಟಕ್ಕೆ ಕರೆಯುವ ಬಗ್ಗೆ ಹೇಳಿದ ಮಾತಂತೂ ನೇರವಾಗಿ ಮುಯ್ಯಿ ಪುಸ್ತಕದ ಮೇಲೇ ಬರುತ್ತದೆ. ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ಔತಣ ಮಾಡಿದಾಗ ಸ್ನೇಹಿತರು, ಅಣ್ಣತಮ್ಮಂದಿರು, ನೆಂಟರು, ದುಡ್ಡಿರುವ ನೆರೆಯವರು, ಇವರನ್ನೇ ಕರೆಯಬೇಡ. ಅವರೂ ನಿನ್ನನ್ನು ಕರೆದಾರು, ಅಲ್ಲಿಗೆ ಲೆಕ್ಕ ಚುಕ್ತಾ ಆಗುತ್ತದೆ. ಬಡವರನ್ನು, ಕೈಕಾಲು ಇಲ್ಲದವರನ್ನು, ಕಣ್ಣು ಕಾಣದವರನ್ನು ಕರಿ. ತಿರುಗಿ ಕೊಡಲು ಅವರ ಹತ್ತಿರ ಏನೂ ಇಲ್ಲ. ನೆಂಟರಿಗೆ ಊಟ ಹಾಕಬೇಡ ಅಂತ ಇದರ ಅರ್ಥವಲ್ಲ. ವಾಪಸ್ ಬರುವುದನ್ನು ನೋಡಿಕೊಂಡು ಬಡಿಸಿದ್ದು ಪ್ರೀತಿಯಲ್ಲ ಅಂತ.

ಈಗ ಸಾಲದ ಕಥೆಗೆ ಬರೋಣ. ಕೃಪೆಗೂ ನಮ್ಮ ನಡುವಿನ ಪ್ರೀತಿಗೂ ಇರುವ ಗಂಟು ಬಿಚ್ಚಿಕೊಳ್ಳುವುದು ಇದರಲ್ಲೇ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಒಂದು ಪ್ರಶ್ನೆ ಕೇಳುತ್ತಾನೆ. ನನ್ನ ಸಹೋದರ ತಪ್ಪು ಮಾಡುತ್ತಲೇ ಇದ್ದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ? ಏಳು ಅಂದರೆ ಪೇತ್ರನ ಲೆಕ್ಕದಲ್ಲಿ ಧಾರಾಳವೇ. ಯೇಸು ‘ಎಪ್ಪತ್ತೇಳು ಸಲ’ ಅನ್ನುತ್ತಾರೆ. ‘ಏಳೆಪ್ಪತ್ತು ಸಲ’ ಅಂತಲೂ ಓದಬಹುದು. ಅಂದರೆ ಎಣಿಸುವುದನ್ನೇ ಬಿಡು ಅಂತ. ಆಮೇಲೆ ಕಥೆ ಹೇಳುತ್ತಾರೆ. ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಇನ್ನೊಬ್ಬ ಜೊತೆ ಸೇವಕ ಇವನಿಗೆ 100 ದಿನಾರಿ ಕೊಡಬೇಕಿತ್ತು.

ನಾವು ಈ ಅಂಕಿಗಳನ್ನು ಓದಿಕೊಂಡು ಮುಂದೆ ಹೋಗುತ್ತೇವೆ. ಒಂದು ಸಲ ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಹಾಗಾದರೆ 10,000 ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ಇನ್ನೊಬ್ಬನ ಸಾಲ 100 ದಿನದ ಕೂಲಿ. ಮೂರು-ನಾಲ್ಕು ತಿಂಗಳ ದುಡಿಮೆ. ಅದೂ ಸಣ್ಣ ಸಾಲವೇನಲ್ಲ, ಗಮನಿಸಿ. ನಮಗೆ ಇನ್ನೊಬ್ಬರು ಮಾಡಿದ ನೋವು ಲೆಕ್ಕಕ್ಕೇ ಇಲ್ಲ ಅಂತ ಯೇಸು ಹೇಳಲಿಲ್ಲ. ನೂರು ದಿನದ ಕೂಲಿ ಕಳೆದುಕೊಂಡರೆ ಯಾವ ಬಡವನಿಗಾದರೂ ಹೊಟ್ಟೆ ಉರಿಯುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ಒಂದು ವಿಷಯ. ಆ ಸೇವಕ ರಾಜನ ಕಾಲಿಗೆ ಬಿದ್ದು ಏನು ಕೇಳಿದ? ‘ಸ್ವಲ್ಪ ತಾಳಿಕೋ, ಎಲ್ಲ ತೀರಿಸುತ್ತೇನೆ.’ ಅವನು ಕೇಳಿದ್ದು ಕ್ಷಮೆ ಅಲ್ಲ, ವಾಯಿದೆ! ಎರಡು ಲಕ್ಷ ವರ್ಷದ ಸಾಲಕ್ಕೆ ಇನ್ನಷ್ಟು ದಿನ ಕೊಡು ಅಂದ. ರಾಜ ಮರುಗಿ ಸಾಲವನ್ನೇ ಬಿಟ್ಟ. ಆದರೆ ಸೇವಕನ ತಲೆಯಲ್ಲಿ ಪುಸ್ತಕ ಹಾಗೇ ಉಳಿಯಿತು. ಹೊರಗೆ ಬಂದವನೇ ಜೊತೆಯವನ ಕುತ್ತಿಗೆ ಹಿಡಿದ. ಅವನೂ ಕಾಲಿಗೆ ಬಿದ್ದು ಹೆಚ್ಚುಕಡಿಮೆ ಅದೇ ಮಾತು ಹೇಳಿದ. ಇವನಿಗೆ ಕೇಳಿಸಲಿಲ್ಲ. ಕೃಪೆ ಕೈಗೆ ಬಂದಿತ್ತು, ಒಳಗೆ ಇಳಿದಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ ನಾವು ಕಲ್ಲಾಗುವುದು ಎಷ್ಟೋ ಸಲ ಪ್ರೀತಿ ಕಡಿಮೆಯಾಗಿ ಅಲ್ಲ. ನಮಗೆ ಬಿಟ್ಟುಕೊಟ್ಟದ್ದು ಎಷ್ಟು ಅಂತ ಗೊತ್ತೇ ಆಗದೆ.

ಪೌಲನ ಒಂದು ಕ್ರಿಯಾಪದ ಇದಕ್ಕೆ ಸಾಕ್ಷಿ. ಮದುವೆಗಳಲ್ಲಿ ಓದುವ, ಅವನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ಎಲ್ಲರಿಗೂ ಗೊತ್ತು. ಅಲ್ಲಿ ಪ್ರೀತಿ ಕೆಟ್ಟದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಅನ್ನುವ ಮಾತು ಬರುತ್ತದೆ. ಗ್ರೀಕಿನಲ್ಲಿ ಅಲ್ಲಿರುವುದು ಲೆಕ್ಕ ಬರೆಯುವ ಪದ, ಖಾತೆಗೆ ಹಚ್ಚುವ ಪದ. ಪ್ರೀತಿ ಕೆಟ್ಟದ್ದನ್ನು ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ ಅಂತ. ಎರಡನೇ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ದೇವರ ಬಗ್ಗೆ ಇದೇ ಪದ ಬಳಸುತ್ತಾನೆ. ದೇವರು ಕ್ರಿಸ್ತನಲ್ಲಿ ಜನರ ಅಪರಾಧಗಳನ್ನು ಅವರ ಲೆಕ್ಕಕ್ಕೆ ಹಾಕದೆ ಲೋಕವನ್ನು ತನ್ನ ಜೊತೆ ರಾಜಿ ಮಾಡಿಕೊಂಡ ಎಂದು. ದೇವರು ನಮ್ಮ ಪುಸ್ತಕದ ಜೊತೆ ಏನು ಮಾಡಿದನೋ ಅದನ್ನೇ ನಾವು ತಮ್ಮನ, ಅತ್ತಿಗೆಯ, ಪಕ್ಕದ ಮನೆಯವರ ಪುಸ್ತಕದ ಜೊತೆ ಮಾಡಬೇಕು.

ಹಾಗಾದರೆ ನೆರೆಯವನು ಯಾರು? ಗ್ರೀಕಿನಲ್ಲಿ ನೆರೆಯವನಿಗೆ ಬಳಸಿದ ಪದಕ್ಕೆ ‘ಹತ್ತಿರದವನು’ ಅಂತಲೇ ಅರ್ಥ. ಕನ್ನಡ ಬೈಬಲಿನ ‘ನೆರೆಯವನು’ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಹತ್ತಿರ ಅನ್ನುವುದಕ್ಕೆ ಒಂದು ಗಡಿ ಬೇಕಲ್ಲ? ಲೂಕ 10ರಲ್ಲಿ ಧರ್ಮಶಾಸ್ತ್ರ ಬಲ್ಲ ಒಬ್ಬ ಯೇಸುವನ್ನು ಅದನ್ನೇ ಕೇಳಿದ. ಉತ್ತರವಾಗಿ ಬಂದದ್ದು ಸಮಾರ್ಯದವನ ಕಥೆ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ಸುಮಾರು 1,000 ಮೀಟರ್ ಕೆಳಗೆ ಇಳಿಯಬೇಕು. ಬೋಳು ಗುಡ್ಡ, ತಿರುವು, ಕಳ್ಳರಿಗೆ ಅನುಕೂಲವಾದ ಜಾಗ. ಹೊಡೆತ ತಿಂದು ಬಿದ್ದವನನ್ನು ನೋಡಿ ಯಾಜಕ, ಅಂದರೆ ದೇವಾಲಯದ ಪುರೋಹಿತ, ಪಕ್ಕಕ್ಕೆ ಸರಿದು ಹೋದ. ದೇವಾಲಯದ ಸೇವೆ ಮಾಡುವ ಕುಲದವನಾದ ಲೇವಿಯೂ ಹೋದ. ಸಮಾರ್ಯದವನು ನಿಂತ.

ಸಮಾರ್ಯದವರಿಗೂ ಯೆಹೂದ್ಯರಿಗೂ ಹೊಕ್ಕುಬಳಕೆ ಇರಲಿಲ್ಲ. ಇದಕ್ಕೆ ಹಿಂದಿನ ಅಧ್ಯಾಯದಲ್ಲೇ ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಸೇರಿಸಿರಲಿಲ್ಲ. ಸಿಟ್ಟಿಗೆದ್ದ ಶಿಷ್ಯರಾದ ಯಾಕೋಬ, ಯೋಹಾನರು ಆಕಾಶದಿಂದ ಬೆಂಕಿ ಬೀಳಿಸೋಣವೇ ಅಂತ ಕೇಳಿದ್ದರು. ಅದಾದ ಮೇಲೆ ಯೇಸು ಕಥೆಯ ನಾಯಕನನ್ನಾಗಿ ಆರಿಸಿಕೊಂಡಿದ್ದು ಒಬ್ಬ ಸಮಾರ್ಯದವನನ್ನು. ತಮ್ಮನ್ನು ಹೊರಗೆ ಹಾಕಿದವರ ಪುಸ್ತಕವನ್ನು ಅವರು ತೆರೆದಿಡಲೇ ಇಲ್ಲ. ಆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಹತ್ತಿಸಿ ತಾನು ನಡೆದ. ಛತ್ರದವನಿಗೆ ಎರಡು ದಿನಾರಿ ಕೊಟ್ಟ. ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಬಿದ್ದವನ ಹೆಸರು, ಊರು ಕೇಳಲಿಲ್ಲ. ಬರೆದುಕೊಳ್ಳುವುದಿದ್ದರೆ ತಾನೇ ಹೆಸರು ಬೇಕು? ಕೊನೆಗೆ ಯೇಸು ಪ್ರಶ್ನೆಯನ್ನೇ ತಿರುಗಿಸಿದರು. ‘ಇವರಲ್ಲಿ ನೆರೆಯವನಾದವನು ಯಾರು?’ ಯಾರು ನನ್ನ ನೆರೆಯವನು ಅಂತ ಅಳೆಯುತ್ತಾ ಕೂರುವುದು ಬಿಟ್ಟು, ನೀನೇ ನೆರೆಯವನಾಗು ಅಂತ.

ಪ್ರೀತಿ ಅಂದ ತಕ್ಷಣ ಮನಸ್ಸು ಉಕ್ಕಿ ಬರಬೇಕು ಅಂದುಕೊಂಡು ಎಷ್ಟೋ ಜನ ನೊಂದುಕೊಳ್ಳುತ್ತಾರೆ. ‘ನನಗೆ ಆಕೆಯನ್ನು ಕಂಡರೆ ಆಗಲ್ಲ, ನಾನು ಎಂಥ ಕ್ರೈಸ್ತಳು’ ಅಂತ. ಅವರಿಗೆ ನಾನು ವಿಮೋಚನಕಾಂಡ 23ನ್ನು ತೋರಿಸುತ್ತೇನೆ. ನಿನ್ನ ವೈರಿಯ ಎತ್ತು ತಪ್ಪಿಸಿಕೊಂಡು ಅಲೆಯುತ್ತಿದ್ದರೆ ಹಿಡಿದು ತಂದು ಕೊಡು. ನಿನ್ನನ್ನು ಹಗೆಮಾಡುವವನ ಕತ್ತೆ ಹೊರೆಯ ಕೆಳಗೆ ಕುಸಿದಿದ್ದರೆ ಕೈ ಕೊಟ್ಟು ಎಬ್ಬಿಸು. ಮನಸ್ಸಿನ ಮಾತೇ ಇಲ್ಲಿಲ್ಲ. ಹೊರೆಯ ಒಂದು ಕಡೆ ಅವನು, ಇನ್ನೊಂದು ಕಡೆ ನೀನು. ಅಷ್ಟು ಮಾಡು, ಸಾಕು.

ಮನೆಯ ವಿಷಯ ಇದಕ್ಕಿಂತ ಕಷ್ಟ. ದಾರಿಯಲ್ಲಿ ಬಿದ್ದವನ ಹತ್ತಿರ ನಮ್ಮ ಹಳೆಯ ಲೆಕ್ಕ ಯಾವುದೂ ಇರುವುದಿಲ್ಲ. ಮನೆಯಲ್ಲಿ ಪುಸ್ತಕದ ರಾಶಿಯೇ ಇರುತ್ತದೆ. ಅಮ್ಮನ ಆಪರೇಷನ್‌ಗೆ ಯಾರು ಎಷ್ಟು ಕೊಟ್ಟರು. ಆಸ್ಪತ್ರೆಯಲ್ಲಿ ರಾತ್ರಿ ಮಲಗಿದ್ದು ಯಾವ ಸೊಸೆ. ಸೈಟು ಯಾರ ಹೆಸರಿಗೆ ಆಯಿತು. ಲೂಕ 15ರ ದಾರಿತಪ್ಪಿದ ಮಗನ ಕಥೆಯಲ್ಲಿ ಎಲ್ಲರೂ ಚಿಕ್ಕವನನ್ನೇ ನೋಡುತ್ತಾರೆ. ನಾನು ದೊಡ್ಡವನ ಮಾತನ್ನು ಓದಿ ಅಂತ ಹೇಳುತ್ತೇನೆ. ಹೊಲದಿಂದ ಬಂದವನು ಒಳಗೆ ಕಾಲಿಡದೆ ಅಪ್ಪನಿಗೆ ಲೆಕ್ಕ ಒಪ್ಪಿಸುತ್ತಾನೆ. ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ, ಒಂದು ಮಾತೂ ಮೀರಲಿಲ್ಲ, ನನಗೊಂದು ಆಡಿನ ಮರಿ ಕೂಡ ಕೊಡಲಿಲ್ಲ. ಆಮೇಲೆ ‘ನಿನ್ನ ಈ ಮಗ’ ಅನ್ನುತ್ತಾನೆ. ‘ನನ್ನ ತಮ್ಮ’ ಅನ್ನಲು ನಾಲಿಗೆ ಬರುವುದಿಲ್ಲ. ಅಪ್ಪ ಬಯ್ಯದೆ ಅದನ್ನು ಮೆಲ್ಲಗೆ ತಿದ್ದುತ್ತಾನೆ. ‘ನಿನ್ನ ಈ ತಮ್ಮ ಸತ್ತಿದ್ದ, ಬದುಕಿ ಬಂದಿದ್ದಾನೆ’ ಅನ್ನುತ್ತಾನೆ. ಆ ಒಂದು ಪದದಲ್ಲಿ ಕಳೆದುಹೋದ ಸಂಬಂಧವನ್ನು ವಾಪಸ್ ಕೈಗೆ ಕೊಡುತ್ತಾನೆ. ತಂದೆಯ ಕೃಪೆ ಗೊತ್ತಾಗದೆ ತಮ್ಮ ತಮ್ಮನಾಗುವುದಿಲ್ಲ.

ಕೆಲವರು ದೇವರ ಸೇವೆಯ ನೆಪದಲ್ಲಿ ಮನೆಯವರನ್ನು ಕೈಬಿಡುತ್ತಾರೆ. ಯೇಸು ಅದನ್ನು ಒಪ್ಪಲೇ ಇಲ್ಲ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಮಾರ್ಕ 7ರಲ್ಲಿ ಖಾರವಾಗಿ ಗದರಿದರು. ಶಿಲುಬೆಯ ಮೇಲೆ ಇದ್ದಾಗಲೂ ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದರು. ಹಾಗಾದರೆ ‘ತಂದೆ ತಾಯಿಯನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ’ ಅನ್ನುವ ಲೂಕ 14ರ ಮಾತು ಏನು? ಇಬ್ರಿಯರ ಮಾತಿನ ರೂಢಿ ಅದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ, ಯಾಕೋಬ ಅನ್ನುವ ಪೂರ್ವಿಕ ತನ್ನ ಹೆಂಡತಿಯರಲ್ಲಿ ಲೇಯಾಳಿಗಿಂತ ರಾಹೇಲಳನ್ನು ಜಾಸ್ತಿ ಪ್ರೀತಿಸಿದ ಅಂತ ಇದೆ. ಮುಂದಿನ ಸಾಲಿನಲ್ಲೇ ಲೇಯಾ ‘ದ್ವೇಷಕ್ಕೆ ಒಳಗಾದಳು’ ಅಂತ ಬರುತ್ತದೆ. ಎರಡನೇ ಜಾಗದಲ್ಲಿ ಇಡುವುದನ್ನು ಹಾಗೆ ಹೇಳುತ್ತಿದ್ದರು. ಮತ್ತಾಯ ಅದನ್ನೇ ‘ನನಗಿಂತ ಹೆಚ್ಚಾಗಿ ಪ್ರೀತಿಸುವವನು’ ಅಂತ ಬಿಡಿಸಿ ಬರೆದಿದ್ದಾನೆ. ಗಂಡ, ಹೆಂಡತಿ, ಮಕ್ಕಳೇ ದೇವರ ಜಾಗದಲ್ಲಿ ಕೂತರೆ ಅವರು ಹೊರಲಾಗದ ಭಾರವನ್ನು ಅವರ ಮೇಲೆ ಹಾಕಿದ ಹಾಗೆ. ದೇವರಿಂದ ಮಾತ್ರ ಸಿಗುವುದನ್ನು ಮಗನ ಹತ್ತಿರ ಕೇಳಿದರೆ ಮಗ ಎಲ್ಲಿಂದ ತರುತ್ತಾನೆ?

ಎಲ್ಲರನ್ನೂ ಪ್ರೀತಿಸು ಅಂದರೆ ಶುರು ಮಾಡುವುದು ಎಲ್ಲಿಂದ? ಸುಮಾರು 1,600 ವರ್ಷದ ಹಿಂದೆ ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಆಗಿದ್ದ ಆಗಸ್ಟೀನ್ ಇದಕ್ಕೆ ಕೊಟ್ಟ ಉತ್ತರ ನನಗೆ ಇಷ್ಟ. ಎಲ್ಲರನ್ನೂ ಸಮನಾಗಿ ಪ್ರೀತಿಸಬೇಕು, ಆದರೆ ಎಲ್ಲರಿಗೂ ಸಹಾಯ ಮಾಡಲು ಆಗುವುದಿಲ್ಲ. ಒಬ್ಬರಿಗೆ ಮಾತ್ರ ಸಾಲುವಷ್ಟು ನಿನ್ನ ಹತ್ತಿರ ಇದೆ, ಒಂದೇ ಸಮನಾದ ಇಬ್ಬರು ಬಂದರು ಅಂದುಕೋ. ಚೀಟಿ ಎತ್ತುತ್ತೀಯ. ಹಾಗೆಯೇ ಹುಟ್ಟು, ಜಾಗ, ಕಾಲ ಯಾರನ್ನು ನಿನ್ನ ಹತ್ತಿರ ತಂದು ಬಿಟ್ಟಿದೆಯೋ ಅವರು ನಿನಗೆ ಚೀಟಿಯಲ್ಲಿ ಬಂದವರು ಅಂತ ತಿಳಿ. ಅತ್ತೆಯೂ ಚೀಟಿಯಲ್ಲಿ ಬಂದವರೇ, ಗೋಡೆಯಾಚೆ ಟಿವಿ ಜೋರಾಗಿ ಇಡುವವರೂ ಚೀಟಿಯಲ್ಲಿ ಬಂದವರೇ.

ಪ್ರಾಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ ಇನ್ನೂ ಹತ್ತಿರದ ಒಂದು ಚಿತ್ರ ಕೊಟ್ಟ. ಒಬ್ಬ ಅಪ್ಪ ಕೂಸಿನ ಕೊಳೆ ಬಟ್ಟೆ ಒಗೆಯುತ್ತಿದ್ದಾನೆ. ನೋಡಿದವರು ಹೆಂಗಸರ ಕೆಲಸ ಮಾಡುತ್ತಾನೆ ಅಂತ ನಗುತ್ತಾರೆ. ಅವನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರೂ ದೂತರೂ ಮುಗುಳ್ನಗುತ್ತಾರೆ ಅಂತ ಲೂಥರ್ ಬರೆದ. ದೇವರನ್ನು ಒಲಿಸಿಕೊಳ್ಳಲು ಏನೂ ಮಾಡಬೇಕಿಲ್ಲ ಅಂದ ಮೇಲೆ ಕೈ ಖಾಲಿಯಾಯಿತು. ಆ ಖಾಲಿ ಕೈ ಕೂಸಿನ ಬಟ್ಟೆಗೆ ಬಂತು. ಕೃಪೆ ಮನುಷ್ಯನಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ವ್ಯತ್ಯಾಸ ಇದೆ. ಶುರುವಾಗುವುದು ದೇವರಿಂದ ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘ಕೃಪೆಯಿಂದ ಸಹಿಸಿಕೋ’ ಅನ್ನುವುದು ಈ ಬೋಧನೆ ಅಲ್ಲ. ಸಮಾರ್ಯದವನು ಬಿದ್ದವನಿಗೆ ಕಳ್ಳರನ್ನು ಕ್ಷಮಿಸು ಅಂತ ಪಾಠ ಮಾಡಲಿಲ್ಲ. ಮೊದಲು ಗಾಯ ಕಟ್ಟಿ ಸುರಕ್ಷಿತವಾದ ಜಾಗಕ್ಕೆ ಸೇರಿಸಿದ. ಸಹೋದರ ತಪ್ಪು ಮಾಡಿದರೆ ಗದರಿಸು ಅಂತ ಯೇಸುವೇ ಹೇಳಿದ್ದಾರೆ. ಪೌಲ ಕೂಡ ‘ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು ಮಟ್ಟಿಗೆ’ ಎಲ್ಲರ ಜೊತೆ ಸಮಾಧಾನದಿಂದ ಇರಿ ಅಂತ ಬರೆದ. ಸಾಧ್ಯವಾಗದ ಸಂದರ್ಭ ಇರುತ್ತದೆ ಅಂತ ಅವನಿಗೆ ಗೊತ್ತಿತ್ತು. ಸೇಡಿನ ಪುಸ್ತಕ ಮುಚ್ಚುವುದು ಬೇರೆ, ಹೊಡೆಯುವ ಕೈಗೆ ಮತ್ತೆ ಸಿಗುವುದು ಬೇರೆ.

ಇದೆಲ್ಲ ನನಗೆ ಪುಸ್ತಕ ಓದಿ ತಿಳಿದದ್ದಕ್ಕಿಂತ ಹೆಚ್ಚಾಗಿ ಚರ್ಚಿನ ಬೆಂಚಿನಲ್ಲಿ ಕಣ್ಣಿಗೆ ಬಿದ್ದದ್ದು. ನಾವು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸಭೆಯವರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಆದ ಸಭೆ ಇದು. ಬೇರೆ ಬೇರೆ ಕೂತು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಊಟ, ಮಾಡುತ್ತಿದ್ದವರು ಒಂದೇ ಮೇಜಿಗೆ ಬಂದರು. 1950ರ ಆರಾಧನಾ ಕ್ರಮದಲ್ಲಿ ಭೋಜನಕ್ಕೆ ಮುಂಚೆ ಸಮಾಧಾನ ಹಂಚುವ ಪದ್ಧತಿ ಸೇರಿತು. ಸಭಾಪಾಲಕರು ಮೇಜಿನ ಹತ್ತಿರದಿಂದ ಶುರು ಮಾಡುತ್ತಾರೆ. ಕೊಡುವವರ ಬಲಗೈ ಪಡೆಯುವವರ ಬಲಗೈಯನ್ನು ಸೇರುತ್ತದೆ. ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಪಡೆದವರು ತಿರುಗಿ ಪಕ್ಕದವರಿಗೆ ಕೊಡುತ್ತಾರೆ. ಹೀಗೆ ಬೆಂಚಿನಿಂದ ಬೆಂಚಿಗೆ ಹಿಂದಿನ ಸಾಲಿನವರೆಗೂ ಹೋಗುತ್ತದೆ. ಯಾರೂ ತಮ್ಮ ಸ್ವಂತದ್ದನ್ನು ಕೊಡುವುದಿಲ್ಲ. ಕಾಣಿಕೆ ಎತ್ತುವುದು ಆಮೇಲೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು, ಆಮೇಲೆ ಬಂದು ಅರ್ಪಿಸು ಎಂದು ಮತ್ತಾಯ 5ರಲ್ಲಿ ಇರುವುದು ನಿಮಗೆ ನೆನಪಾಗಬಹುದು.

ನಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಹೊಲದ ಬದುವಿನ ವಿಷಯಕ್ಕೆ ಮಾತು ನಿಂತು ಆರು ವರ್ಷವಾಗಿತ್ತು. ತಪ್ಪು ಇಬ್ಬರದೂ ಇತ್ತು ಅಂತ ಈಗ ನನಗೆ ಅನ್ನಿಸುತ್ತದೆ. ಚರ್ಚಿನಲ್ಲಿ ಒಬ್ಬರು ಎಡಗಡೆ, ಒಬ್ಬರು ಬಲಗಡೆ ಕೂರುತ್ತಿದ್ದರು. ಒಂದು ಭಾನುವಾರ ದೊಡ್ಡಪ್ಪ ತಡವಾಗಿ ಬಂದರು. ಜಾಗ ಇದ್ದದ್ದು ನಮ್ಮ ಬೆಂಚಿನ ತುದಿಯಲ್ಲಿ ಮಾತ್ರ. ಸಮಾಧಾನ ಕೈಯಿಂದ ಕೈಗೆ ಬರುತ್ತಾ ಅಪ್ಪನ ಹತ್ತಿರ ಬಂತು. ಪಕ್ಕದಲ್ಲಿ ದೊಡ್ಡಪ್ಪ. ಅಪ್ಪ ಎರಡು ಕೈ ಮುಚ್ಚಿಕೊಂಡು ಹಾಗೇ ನಿಂತರು. ಹಿಂದಿನ ಸಾಲಿನವರು ಕಾಯುತ್ತಿದ್ದರು. ಆಮೇಲೆ ತಿರುಗಿ ಕೈ ಚಾಚಿದರು. ದೊಡ್ಡಪ್ಪನ ಬೆರಳುಗಳಲ್ಲಿ ಬೀಡಿಯ ಹಳದಿ ಕಲೆ ಇತ್ತು. ಅಪ್ಪನ ಕೈ ನಡುಗುತ್ತಿತ್ತು. ಇಬ್ಬರೂ ಒಂದು ಮಾತೂ ಆಡಲಿಲ್ಲ. ದೊಡ್ಡಪ್ಪ ತಿರುಗಿ ಹಿಂದಿನವರಿಗೆ ಕೊಟ್ಟರು.

ಬದುವಿನ ತಕರಾರು ಅವತ್ತು ಬಗೆಹರಿಯಲಿಲ್ಲ. ಸರ್ವೆಯವರು ಬಂದು ಅಳತೆ ಮಾಡುವವರೆಗೂ ಇತ್ತು. ಆದರೆ ಆ ವರ್ಷ ಸುಗ್ಗಿಯಲ್ಲಿ ದೊಡ್ಡಪ್ಪನ ಮನೆಯಿಂದ ಒಂದು ಚೀಲ ಹಸಿ ಕಡ್ಲೆಕಾಯಿ ಬಂತು. ಅಮ್ಮ ಚೀಲ ನೋಡಿ, ‘ರೀ, ನಾವು ಏನು ಕಳಿಸೋದು ಈಗ?’ ಅಂತ ಕೇಳಿದರು. ಅಪ್ಪ ಉತ್ತರ ಕೊಡಲಿಲ್ಲ. ಚೀಲದ ಬಾಯಿ ಬಿಚ್ಚಿ ಮೊರದ ತುಂಬ ಕಾಯಿ ಸುರಿದರು, ಬೇರಿಗೆ ಹತ್ತಿದ್ದ ಮಣ್ಣು ಒದರಿದರು. ಆಮೇಲೆ ನನ್ನ ಕಡೆ ನೋಡಿ, ‘ಇದನ್ನ ಪಕ್ಕದ ಮನೆಗೆ ಕೊಟ್ಟು ಬಾ, ಅಣ್ಣನ ಹೊಲದ್ದು ಅಂತ ಹೇಳು’ ಅಂದರು.